ನಮ್ಮ ಹುಡುಗಿಯ ಒಂದು ವಾರ, ನನ್ನ ಹಳೇ ಭಾಷಣ

ಭಾಷಣ ಮಾಡುವಾಗ ಎರಡನೇ ಸಾಲಿನಲ್ಲಿ ಕೂತವರು ನಕ್ಕುಬಿಟ್ಟರೆ ಹೇಗಾಗುತ್ತೆ ಹೇಳಿ? ಅದೂ ನಗುವಂಥ ಮಾತೇನೂ ಆಡದಿರುವಾಗ! 2025ರ ನವೆಂಬರ್ 1, ಶನಿವಾರ, ನನಗೆ ಆಗಿದ್ದು ಅದೇ. ಇಲ್ಲಿಯ ನಮ್ಮವರೆಲ್ಲ ಸೇರಿ ಮಾಡಿದ ರಾಜ್ಯೋತ್ಸವ, ಎಪ್ಪತ್ತನೆಯದು. ನಾನು ಮೈಕಿನ ಮುಂದೆ ನಿಂತು "ಗಡಿಯಾಚೆ ಕನ್ನಡ ಉಸಿರಾಡಲು ಕಷ್ಟಪಡುತ್ತಿದೆ, ನಮ್ಮ ಮಕ್ಕಳು ತಾಯಿನುಡಿ ಮರೆಯುತ್ತಿದ್ದಾರೆ..." ಅಂತ ಶುರು ಮಾಡಿದ್ದೆ. ನಮ್ಮ ಹುಡುಗಿ ದುಪಟ್ಟಾ ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಾ ಕೂತಿದ್ದಳು.

ನಮ್ಮ ಹುಡುಗಿ ಅಂದರೆ ನನ್ನ ಹಳೇ ವಿದ್ಯಾರ್ಥಿನಿ. ನಾಲ್ಕನೇತ್ತೆ ತನಕ ನನ್ನ ಕೈಯಲ್ಲೇ ಕನ್ನಡ ಕಲಿತವಳು. ಈಗ ಇಪ್ಪತ್ಮೂರು ವರ್ಷ. ಪಣಜಿಯಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಬಾಡಿಗೆ ಕೋಣೆ. ಅಪ್ಪ ಅವ್ವ ಸಾಂಖಳಿಯಲ್ಲಿ, ನಾನಿರುವ ವಠಾರದಲ್ಲೇ. ರಜೆ ಸಿಕ್ಕರೆ ಕದಂಬ ಬಸ್ಸು ಹತ್ತಿ ಬಂದುಬಿಡುತ್ತಾಳೆ. (ಗೋವಾದ ಸರ್ಕಾರಿ ಬಸ್ಸಿಗೆ ನಮ್ಮ ಕದಂಬರ ಹೆಸರು ಅಂತ ನಿಮಗೆ ಗೊತ್ತಿರಬಹುದು. 1980ರಲ್ಲಿ ನಿಗಮ ಶುರುವಾದಾಗ ಇಟ್ಟ ಹೆಸರು. ಬನವಾಸಿಯವರು ಯಾರಾದರೂ ಮೊದಲ ಸಲ ಬಂದರೆ ಆ ಸಿಂಹದ ಗುರುತು ನೋಡಿ ಪುಳಕಗೊಳ್ಳುತ್ತಾರೆ. ಸೀಟು ಸಿಗದೆ ಪಣಜಿ ತನಕ ನಿಂತೇ ಹೋದ ಮೇಲೆ ಪುಳಕ ಇಳಿಯುತ್ತದೆ, ಆ ಮಾತು ಬೇರೆ.)

ಕಾರ್ಯಕ್ರಮ ಮುಗಿದ ಮೇಲೆ ಹಿಡಿದುಕೊಂಡೆ. "ಯಾಕ ನಕ್ಕಿ?"

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾ ನಾಲ್ಕನೇತ್ತ್ಯಾಗ ಇದ್ದಾಗೂ ನೀವು ಇದ ಭಾಷಣಾನ ಮಾಡಿದ್ರಿ."

(ನಮ್ಮ ಬೆಳಗಾವಿ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅಂತಾರೆ. ಬೆಂಗಳೂರಿನವರು ಮಿಸ್ ಅಂತ ಓದಿಕೊಳ್ಳಿ.)

ಸುಳ್ಳೇನಲ್ಲ. ವರ್ಷದ ಸಂಖ್ಯೆ ಬಿಟ್ಟರೆ ಬೇರೇನೂ ಬದಲಾಯಿಸಿರಲಿಲ್ಲ. ಆದರೂ ಮಾತಿಗೆ ಬಿಡಬೇಕಲ್ಲ, "ಹಂಗಾದ್ರ ನಾ ಹೇಳಿದ್ದು ಸುಳ್ಳೇನು?" ಅಂದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಈ ವಾರ ಪೂರಾ ನಾ ಏನೇನ ಮಾಡ್ತೀನಿ ನಿಮಗ ಹೇಳ್ಕೋತ ಹೋಗ್ತೀನಿ. ಕೇಳ್ರಿ. ಆಮ್ಯಾಲ ಕನ್ನಡ ಸತ್ತೈತೋ ಬದುಕೈತೋ ನೀವ ಹೇಳ್ರಿ" ಅಂದಳು. ಹೇಳಿದ ಹಾಗೆ ಮಾಡಿದಳು ಕೂಡ. ವಾಟ್ಸಾಪಿನಲ್ಲಿ ಅವಳ ಧ್ವನಿ ಬರದ ದಿನವಿರಲಿಲ್ಲ. ಎರಡು ದಿನ ನಾನೇ ಕಣ್ಣಾರೆ ನೋಡಿದೆ. ಗಡಿಯಾಚೆಯ ಕನ್ನಡದ ಬಗ್ಗೆ ನನಗಿದ್ದ ಅಭಿಪ್ರಾಯ ಈ ವಾರದಲ್ಲಿ ಸ್ವಲ್ಪ ಅಲುಗಾಡಿದ್ದು ನಿಜ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ತುಳಸಿ ಲಗ್ನ. ನಮಗೆ ದೀಪಾವಳಿ ಮುಗಿದ ಮೇಲೆ ಬರುವ ಒಂದು ಸಣ್ಣ ಹಬ್ಬ ಅದು, ಗೋವೆಯವರಿಗೆ ಮಾತ್ರ 'ವ್ಹಡಲಿ ದಿವಾಳಿ', ದೊಡ್ಡ ದೀಪಾವಳಿ! ಮನೆ ಮುಂದಿನ ವೃಂದಾವನಕ್ಕೆ ಸುಣ್ಣ ಬಣ್ಣ, ಪಕ್ಕದಲ್ಲಿ ಕಬ್ಬಿನ ಜಲ್ಲೆ, ನೆಲ್ಲಿ ಟೊಂಗೆ, ಹುಣಸೆ ಟೊಂಗೆ. ವಠಾರದ ಒಂದೇ ಕಟ್ಟೆಗೆ ಗೋವೆಯವರದೂ ನಮ್ಮವರದೂ ಸೇರಿ ಪೂಜೆ. ಕಬ್ಬು ಎಲ್ಲಿಂದ ಬಂತು ಅಂತ ಕೇಳಬೇಡಿ. ನಮ್ಮ ಹುಡುಗಿಯ ಅಜ್ಜನ ಊರು ಗೋಕಾಕದ ಕಡೆ. ಅಜ್ಜ ಆ ಹೊತ್ತಿಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತಿದ್ದರು. ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಕಬ್ಬಿನ ರೈತರು ರಸ್ತೆಗಿಳಿದಿದ್ದ ವಾರ ಅದು. "ಅಜ್ಜ ಅಲ್ಲಿ ಕಬ್ಬಿನ ಸಲುವಾಗಿ ಕುಂತಾನ, ನಾವಿಲ್ಲಿ ಕಬ್ಬಿಗೆ ಅರಿಷಿಣ ಕುಂಕುಮ ಹಚ್ಚಾಕತ್ತೀವಿ" ಅಂತ ಅವಳು ಫೋಟೋ ತೆಗೆದು ಕಳಿಸಿದಳು. ಅಜ್ಜನಿಂದ ಉತ್ತರ ಬಂತು: ಒಂದು ಕೈ ಮುಗಿಯುವ ಚಿತ್ರ. ಎಂಬತ್ತರ ಹತ್ತಿರದ ಅಜ್ಜ ವಾಟ್ಸಾಪ್ ಚಿತ್ರ ಕಳಿಸುತ್ತಾರೆ ನೋಡಿ, ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ.

ಅದೇ ರಾತ್ರಿ ಹೆಣ್ಣುಮಕ್ಕಳ ವಿಶ್ವಕಪ್ಪಿನ ಫೈನಲ್. ನವಿ ಮುಂಬಯಿಯಲ್ಲಿ ಮಳೆ, ಆಟ ಶುರುವಾಗಿದ್ದೇ ತಡ. ಹುಡುಗಿಯ ಮನೆಯ ಟಿವಿಯನ್ನು ಅಂಗಳಕ್ಕೆ ತಂದಿಟ್ಟಿದ್ದರು. ತುಳಸಿ ಮದುವೆಯ ಅವಲಕ್ಕಿ ಮೆಲ್ಲುತ್ತಾ ಎಂಟು ಹತ್ತು ಹುಡುಗಿಯರು, ಅವರ ಹಿಂದೆ ತಾಯಂದಿರು, ಇನ್ನೂ ಹಿಂದೆ "ನಾವೇನೂ ಕ್ರಿಕೆಟ್ ನೋಡುವುದಿಲ್ಲ" ಅನ್ನುವ ನಾನು. ಭಾರತ 298. ಶಫಾಲಿ ವರ್ಮಾ 87 ಹೊಡೆದಳಲ್ಲ, ಅವಳು ಮೊದಲು ತಂಡದಲ್ಲೇ ಇರಲಿಲ್ಲವಂತೆ, ಇನ್ನೊಬ್ಬಳಿಗೆ ಗಾಯವಾಗಿದ್ದಕ್ಕೆ ಸೆಮಿಫೈನಲ್ಲಿಗೆ ಕರೆಸಿದ್ದಂತೆ. ಮಧ್ಯರಾತ್ರಿ ಸುಮಾರಿಗೆ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಆ ಕೊನೇ ಕ್ಯಾಚ್ ಹಿಡಿದಾಗ, ದಕ್ಷಿಣ ಆಫ್ರಿಕಾ 246ಕ್ಕೆ ಮುಗಿದಾಗ, ನಮ್ಮ ವಠಾರದಲ್ಲಿ ಆದ ಗಲಾಟೆಗೆ ವಾಳವಂಟಿ ನದಿಯ ಆಚೆ ದಡದ ನಾಯಿಗಳೂ ಎದ್ದಿರಬೇಕು. ನನಗೆ ಖುಷಿಯಾಗಿದ್ದು ಇನ್ನೊಂದು. ಆ ಹುಡುಗಿಯರಲ್ಲಿ ಅರ್ಧ ನಮ್ಮವರು, ಅರ್ಧ ಗೋವೆಯವರು. ಸ್ಮೃತಿ ಮಂಧಾನಾ ಯಾರ ಹುಡುಗಿ ಅಂತ ಜಗಳ! "ಆಕಿ ಬೆಂಗಳೂರು ಟೀಮಿನ ಕ್ಯಾಪ್ಟನ್, ಆಕಿ ನಮ್ಮಾಕಿ" ಅಂತ ನಮ್ಮ ಹುಡುಗಿ. "ಮರಾಠಿ ಮಾತಾಡ್ತಾಳೆ, ನಮ್ಮವಳು" ಅಂತ ಪಕ್ಕದ ಮನೆಯವಳು. ಸಾಂಗ್ಲಿಯಲ್ಲಿ ಬೆಳೆದ ಹುಡುಗಿ ಆಕೆ. ಸಾಂಗ್ಲಿ ಅಂದರೆ ಅದೂ ಗಡಿಯೇ, ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳೇ ಇವೆ. ಹೇಳೋಣ ಅಂದುಕೊಂಡೆ. ಮತ್ತೆ ಭಾಷಣ ಅಂದಾರೆಂದು ಸುಮ್ಮನಾದೆ.

ಸೋಮವಾರ ಸಾಂಖಳಿಯ ಸಂತೆ. ಈ ದಿನದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸೈರಿಸಿಕೊಳ್ಳಿ.

ಅವಳ ಅಪ್ಪ 1999ರಲ್ಲಿ ಇಲ್ಲಿಗೆ ಬಂದವರು. ಮೊದಲು ಗೌಂಡಿ ಕೆಲಸ, ಆಮೇಲೆ ಅದಿರು ಲಾರಿಯ ಕ್ಲೀನರ್, ಆಮೇಲೆ ಡ್ರೈವರ್. ಆಗ ಈ ಭಾಗದಲ್ಲಿ ಗಣಿಯದೇ ಜಮಾನಾ. ಚೀನಾಕ್ಕೆ ಎಷ್ಟಿದ್ದರೂ ಬೇಕು ಅನ್ನುವ ಕಾಲ. ಲಾರಿಗಳು ಅದಿರು ತುಂಬಿಕೊಂಡು ನದಿ ದಂಡೆಗೆ ಹೋಗಿ ಸುರಿಯುವುದು, ಅಲ್ಲಿಂದ ಬಾರ್ಜಿನಲ್ಲಿ ಮುರ್ಮುಗೋವಾ ಬಂದರಿಗೆ. ಶಾಲೆಗೆ ಬರುವ ಮಕ್ಕಳ ಬಿಳಿ ಅಂಗಿ ಕೆಂಪು ಧೂಳಿಗೆ ಗುಲಾಬಿ ಬಣ್ಣವಾಗುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶವೂ ಬಂತು. ಮತ್ತೆ ಶುರುವಾಯ್ತು, 2018ರಲ್ಲಿ ಮತ್ತೆ ನಿಂತಿತು. ಎಷ್ಟು ಲಾರಿಗಳು ತೆಂಗಿನ ಮರದ ಕೆಳಗೆ ನಿಂತು ತುಕ್ಕು ಹಿಡಿದವು! ಅದಿರಿನ ನಾಡು ಹಾಳಾದದ್ದೂ ನಿಜ, ಧೂಳು ನಿಂತದ್ದು ಒಳ್ಳೆಯದೇ ಆದದ್ದೂ ನಿಜ, ಆ ಲಾರಿಗಳನ್ನು ನಂಬಿದ ಮನೆಗಳ ಒಲೆ ಆರಿದ್ದೂ ನಿಜ. ಅವಳ ಅಪ್ಪ ಸ್ಟಿಯರಿಂಗ್ ಬಿಟ್ಟು ತಕ್ಕಡಿ ಹಿಡಿದರು. ಚೋರ್ಲಾ ಘಟ್ಟ ಇಳಿದು ಬೆಳಗಾವಿಯಿಂದ ಬರುವ ತರಕಾರಿ ಕೊಂಡು ಸೋಮವಾರ ಸಾಂಖಳಿ, ಮಂಗಳವಾರ ವಾಳಪೈ, ಬುಧವಾರ ಡಿಚೋಲಿ, ಶುಕ್ರವಾರ ಮಾಪುಸಾ. ವಾರ ಅಂದರೆ ಅವರಿಗೆ ಸಂತೆಗಳ ಹೆಸರು.

ಸೋಮವಾರ ಬೆಳಿಗ್ಗೆ ಐದಕ್ಕೆ, ರಾತ್ರಿ ಕ್ರಿಕೆಟ್ಟಿನ ನಿದ್ದೆಗಣ್ಣಿನಲ್ಲೇ, ಅಪ್ಪನ ಜೊತೆ ಮೂಟೆ ಬಿಚ್ಚಿದಳು. ನಾನೂ ಸೊಪ್ಪು ತರಲು ಹೋಗಿದ್ದೆ. ಆ ಒಂದು ತಾಸಿನಲ್ಲಿ ಅವಳ ಬಾಯಲ್ಲಿ ನಾಲ್ಕು ಭಾಷೆ. ಒಬ್ಬ ಅಜ್ಜಿ ಕೊಂಕಣಿಯಲ್ಲಿ "ಕಶೆಂ ದಿಲೆಂ?" ಅಂತಾರೆ. ಇನ್ನೊಬ್ಬರು ಮರಾಠಿಯಲ್ಲಿ "ಕಸಂ ದಿಲಂ?" ಅಂತಾರೆ. ಬಿಹಾರದ ಹುಡುಗ "ಕೈಸಾ ದಿಯಾ?" ಅಂತಾನೆ. ನಾನು "ಹೆಂಗ ಕೊಟ್ಟಿ?" ಅಂದೆ. ಆಗ ಹೊಳೆಯಿತು ನೋಡಿ, ನಾಲ್ವರೂ ಕೇಳಿದ್ದು ಒಂದೇ ಮಾತು, ಅದೂ ಭೂತಕಾಲದಲ್ಲಿ! ಇನ್ನೂ ಕೊಟ್ಟೇ ಇಲ್ಲ, ಆಗಲೇ 'ಹೇಗೆ ಕೊಟ್ಟೆ' ಅಂತ ಕೇಳುವುದು. ಇಪ್ಪತ್ತು ವರ್ಷ ವ್ಯಾಕರಣ ಪಾಠ ಮಾಡಿದ ನನಗೆ ಇದು ಹೊಳೆದಿದ್ದು ಬದನೆಕಾಯಿ ಆರಿಸುವಾಗ.

ಖುಷಿಯ ಮಾತಿನ ನಡುವೆ ಕಹಿ ಮಾತೊಂದು ಹೇಳಲೇಬೇಕು. ಯಾರೋ ಗಿರಾಕಿ ಬೆಲೆ ಕುದುರದೆ ಹೋಗುವಾಗ 'ಘಾಂಟಿ' ಅಂತ ಗೊಣಗಿಕೊಂಡು ಹೋದರು. ಘಟ್ಟದ ಮೇಲಿನವರು ಅನ್ನುವ ಶಬ್ದ, ಇಲ್ಲಿ ಬೈಗುಳ. ನಾನು ಹೊಸದಾಗಿ ಬಂದಾಗ ಇದನ್ನು ಕೇಳಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವಳ ಮುಖ ನೋಡಿದೆ. ಆಕೆ ಮುಂದಿನ ಗಿರಾಕಿಗೆ ಟೊಮೆಟೊ ತೂಗುತ್ತಿದ್ದಳು. "ಕೇಳಿಸ್ತಿಲ್ಲೇನು?" ಅಂದೆ. "ಕೇಳಿಸ್ತರಿ. ಘಟ್ಟದ ಮ್ಯಾಲಿಂದ ಕಾಯಿಪಲ್ಲೆ ಬರ್ತೈತಿ, ಘಟ್ಟದ ಮ್ಯಾಲಿನವ್ರೂ ಬಂದೀವಿ. ಒಂದ ದಿನ ಗಾಡಿ ಬರಲಿಲ್ಲಂದ್ರ ಗೊತ್ತಾಗ್ತೈತಿ." 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿ ತರಕಾರಿ ಬಾರದಾದಾಗ ಗೋವೆ ಪಟ್ಟ ಪಾಡು ಅವಳಿಗೆ ನೆನಪಿತ್ತು. ನನಗೂ ನೆನಪಿತ್ತು, ಆದರೆ ಹೀಗೆ ತಕ್ಕಡಿ ಹಿಡಿದು ಹೇಳಲು ಬಂದಿರಲಿಲ್ಲ.

ಗೋವೆಯವರ ಮೇಲೆ ಸಿಟ್ಟು ಮಾಡಿಕೊಂಡು ಬರೆಯುತ್ತಿಲ್ಲ, ತಪ್ಪು ತಿಳಿಯಬೇಡಿ. ಅವರ ಭಯಕ್ಕೂ ಅರ್ಥ ಇದೆ. ಸಣ್ಣ ರಾಜ್ಯ. 1967ರ ಜನವರಿಯಲ್ಲಿ ಮಹಾರಾಷ್ಟ್ರಕ್ಕೆ ಸೇರುವುದೋ ಬೇಡವೋ ಅಂತ ಮತ ಹಾಕಿ ಬೇಡ ಅಂದವರು. ಕೊಂಕಣಿ ಭಾಷೆಯೇ ಅಲ್ಲ, ಮರಾಠಿಯ ಉಪಭಾಷೆ ಅನ್ನಿಸಿಕೊಂಡು ಹೋರಾಡಿ 1987ರಲ್ಲಿ ಅದನ್ನು ರಾಜಭಾಷೆ ಮಾಡಿಕೊಂಡವರು. ತಮ್ಮ ಭಾಷೆ ತಮ್ಮ ನೆಲದಲ್ಲೇ ಮುಳುಗೀತು ಅನ್ನುವ ಅಳುಕು ಅವರಿಗೆ ಗೊತ್ತು. 2011ರ ಜನಗಣತಿಯಲ್ಲಿ ಇಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಗೋವೆ ಮೂಲದವರು ಯಾರು, 1961ರ ಡಿಸೆಂಬರಿಗೆ ಮೊದಲಿನಿಂದ ಇದ್ದವರ ವಂಶದವರು ಮಾತ್ರವೇ ಅನ್ನುವ ವಾದವೂ ವಿಧಾನಸಭೆಯ ತನಕ ಹೋಯಿತು, ಬಿದ್ದುಹೋಯಿತು. ನಮ್ಮ ಹುಡುಗಿ ಹುಟ್ಟಿದ್ದು ಗೋವೆಯಲ್ಲೇ, 2002ರಲ್ಲಿ. ಕೊಂಕಣಿ ಕನಸಿನಲ್ಲೂ ಮಾತಾಡುತ್ತಾಳೆ. ಸರ್ಕಾರಿ ಕೆಲಸಕ್ಕೆ ಬೇಕಾದ ಹದಿನೈದು ವರ್ಷ ವಾಸದ ದಾಖಲೆಯೂ ಇದೆ, ಕೊಂಕಣಿಯೂ ಇದೆ, ಪರೀಕ್ಷೆಗೆ ಓದುತ್ತಲೂ ಇದ್ದಾಳೆ. ಅವಳನ್ನು ಇತ್ತ ಕಡೆಯವಳು ಅನ್ನೋಣವೇ ಅತ್ತ ಕಡೆಯವಳು ಅನ್ನೋಣವೇ? ಈ ಪ್ರಶ್ನೆ ನನಗೆ ದೊಡ್ಡದು. ಅವಳಿಗೆ ಏಳೂವರೆಯ ಬಸ್ಸು ಹಿಡಿಯುವುದು ದೊಡ್ಡದು. ಟೊಮೆಟೊ ಕೈ ಒರೆಸಿಕೊಂಡು ಓಡಿದಳು.

ಮಂಗಳವಾರದ ಸುದ್ದಿ ಚಿಕ್ಕದು. ಆ ತಿಂಗಳು ಉತ್ತರ ಗೋವೆಯ ಅರ್ಪೋರಾದಲ್ಲಿ ಚೆಸ್ ವಿಶ್ವಕಪ್ಪು, ಗುಕೇಶ್, ಪ್ರಜ್ಞಾನಂದ ಎಲ್ಲ ಬಂದಿದ್ದರು. ಅವಳ ಕೋಣೆಯ ಹುಡುಗಿಯೊಬ್ಬಳು ಶಿರಸಿ ಕಡೆಯವಳು, ಚೆಸ್ ಹುಚ್ಚು. ರಾತ್ರಿಯಿಡೀ ಫೋನಿನಲ್ಲಿ ಆಟ ಹಚ್ಚಿ ಇವಳಿಗೆ ಕುದುರೆ ನಡೆಸುವುದು ಕಲಿಸಿದಳಂತೆ. ಮೂರನೆಯವಳು ಪೆಡ್ಣೆಯ ಗೋವೆ ಹುಡುಗಿ, ಮೀನಿನ ಹುಮನ್ ಮಾಡಿದಳಂತೆ. ಶಿರಸಿಯವಳು ಹವ್ಯಕರ ಹುಡುಗಿ, ಬಾಗಿಲು ತೆಗೆದು ಹೊರಗೆ ಕೂತು ತಂಬುಳಿ ಅನ್ನ ಉಂಡಳಂತೆ! ಅವರಿಬ್ಬರ ಕನ್ನಡ ಕೇಳಬೇಕು ನೀವು. ಶಿರಸಿಯವಳ 'ಎಂತ ಮಾಡ್ತಾ ಇದ್ಯೇ' ಇವಳ ಬಾಯಿಗೆ ಬಂದಿದೆ, ಇವಳ 'ಹೌದ್ಬೇ' ಅವಳ ಬಾಯಿಗೆ ಹೋಗಿದೆ. ಪೆಡ್ಣೆಯವಳು ಎರಡೂ ಸೇರಿಸಿ ಹೊಸ ಕನ್ನಡ ಮಾಡಿಕೊಂಡಿದ್ದಾಳಂತೆ. ಯಾವ ಸಂಘವೂ ಕಲಿಸಿದ್ದಲ್ಲ.

ಬುಧವಾರ ತ್ರಿಪುರಾರಿ ಹುಣ್ಣಿಮೆ. ಸಾಂಖಳಿಗೆ ಬರುವುದಿದ್ದರೆ ಆ ರಾತ್ರಿ ಬನ್ನಿ. ವಿಠ್ಠಲಾಪುರದಲ್ಲಿ ವಿಠ್ಠಲನ ಗುಡಿಯ ಹತ್ತಿರ ವಾಳವಂಟಿ ನದಿಯಲ್ಲಿ ಸಣ್ಣ ಸಣ್ಣ ಹಡಗು ಮಾಡಿ, ದೀಪ ಹಚ್ಚಿ ತೇಲಿಬಿಡುತ್ತಾರೆ. ಸ್ಪರ್ಧೆಯೂ ಇರುತ್ತದೆ. ಎರಡೂ ದಂಡೆಯಲ್ಲಿ ಜನವೋ ಜನ. ಒಬ್ಬರು ಅರಮನೆಯಂಥ ಹಡಗು ಮಾಡಿದರೆ ಇನ್ನೊಬ್ಬರು ಹಂಸದಂಥದ್ದು. ನೀರಿನಲ್ಲಿ ದೀಪ, ನೀರಿನೊಳಗೆ ದೀಪದ ನೆರಳು, ಮೇಲೆ ಹುಣ್ಣಿಮೆ.

ನಮ್ಮ ವಠಾರದ ಹುಡುಗರೂ ಒಂದು ಹಡಗು ಮಾಡಿದ್ದರು. ಬಿದಿರ ಕಡ್ಡಿ, ಥರ್ಮೋಕೋಲು, ಬಣ್ಣದ ಕಾಗದ. ಸ್ಪರ್ಧೆಗಲ್ಲ, ಸುಮ್ಮನೆ ಬಿಡಲಿಕ್ಕೆ. ಹುಡುಗಿ ಪಣಜಿಯಿಂದ ಸಂಜೆ ಬಸ್ಸಿಗೆ ಬಂದಿಳಿದಾಗ ಜಗಳ ಶುರುವಾಗಿತ್ತು. ಒಬ್ಬ ಹುಡುಗ ಹಡಗಿನ ಪಕ್ಕಕ್ಕೆ ಕನ್ನಡ ಅಕ್ಷರದಲ್ಲಿ 'ವಿಠ್ಠಲ' ಅಂತ ಬರೆದುಬಿಟ್ಟಿದ್ದ. ಹಿರಿಯರೊಬ್ಬರು, ನಮ್ಮವರೇ, "ಅಳಿಸ್ರೋ, ಸುಮ್ನ ಯಾಕ ತಂಟೆ" ಅಂದರು. ನಾನು ಯಾರ ಪಕ್ಷ? ರಾಜ್ಯೋತ್ಸವದ ದಿನ ಮೈಕಿನಲ್ಲಿ ಕೂಗಿದ ಅಕ್ಕೋರು ಆ ಹೊತ್ತಿಗೆ "ಹಿರಿಯರು ಹೇಳೂದೂ ಖರೆ ಐತಿ" ಅಂದುಬಿಟ್ಟರು. ಬರೆಯಲಿಕ್ಕೂ ನಾಚಿಕೆ.

ನಮ್ಮ ಹುಡುಗಿ ಚೀಲ ಕೆಳಗಿಟ್ಟು ಬ್ರಷ್ ಎತ್ತಿಕೊಂಡಳು. ಇನ್ನೊಂದು ಪಕ್ಕಕ್ಕೆ ದೇವನಾಗರಿಯಲ್ಲಿ ಅದೇ ಹೆಸರು ಬರೆದಳು. "ಆ ದಂಡೀಗೆ ಅದು ಕಾಣ್ತೈತಿ, ಈ ದಂಡೀಗೆ ಇದು. ಮುಗೀತಲ್ಲ?" ಅಂದಳು. ನದಿಗೆ ಬಿಟ್ಟೆವು. ಪಕ್ಕದಲ್ಲಿ ನಿಂತಿದ್ದ ಗೋವೆಯ ಅಜ್ಜರೊಬ್ಬರು ಕನ್ನಡ ಅಕ್ಷರ ದಿಟ್ಟಿಸಿ ನೋಡಿ, ಇದು ಧಾರವಾಡದ ಅಕ್ಷರ ಅಲ್ಲವೇ ಅಂದರು. ಪೋರ್ಚುಗೀಸರ ಕಾಲದಲ್ಲಿ ಓದಲಿಕ್ಕೆ ಬೆಳಗಾವಿ, ಧಾರವಾಡಕ್ಕೆ ಹೋದ ಗೋವೆಯವರು ಎಷ್ಟೋ ಮಂದಿ. ಇವರ ಸೋದರಮಾವನೂ ಹಾಗೇ ಹೋಗಿದ್ದರಂತೆ, ಬರುವಾಗ ಫೇಡೆ ತರುತ್ತಿದ್ದರಂತೆ. ವಿಠ್ಠಲ ಪಂಢರಪುರಕ್ಕೆ ಬಂದದ್ದೂ ನಿಮ್ಮ ಕಡೆಯಿಂದಲೇ ಅಂತ ಹೇಳುತ್ತಾರಲ್ಲ ಅಂತ ಅವರೇ ತೆಗೆದರು. "ಬರೆಂ ಜಾಲೆಂ" ಅಂತ ಹಡಗಿಗೆ ಕೈ ಮುಗಿದರು. ಹಡಗು ಹತ್ತು ಮಾರು ಹೋಗಿ ಒಂದು ಪಕ್ಕಕ್ಕೆ ವಾಲಿತು. ವಾಲಿದ್ದು ಕನ್ನಡದ ಪಕ್ಕಕ್ಕೋ ದೇವನಾಗರಿ ಪಕ್ಕಕ್ಕೋ ಅಂತ ಹುಡುಗರು ಮನೆ ತನಕ ವಾದ ಮಾಡಿದರು.

ಗುರುವಾರದ್ದು ಅವಳ ಧ್ವನಿಯಲ್ಲೇ ಕೇಳಬೇಕಿತ್ತು ನೀವು. ನಗು ತಡೆದುಕೊಂಡು ಹೇಳಿದ್ದಳು, ಕೊನೆಗೆ ನಗು ಇರಲಿಲ್ಲ.

ಅವಳ ಲ್ಯಾಬಿಗೆ ಕೊಪ್ಪಳದ ಕಡೆಯ ಒಬ್ಬ ಮುದುಕಿ ಬಂದಿದ್ದರಂತೆ, ಮಗ ಕಟ್ಟಡದ ಕೆಲಸದವ. ಸಕ್ಕರೆ ಕಾಯಿಲೆ ಇದೆಯೋ ಅಂತ ರಕ್ತ ನೋಡಬೇಕು. ಹಿಂದಿನ ಸಲ ಯಾರೋ ಹಿಂದಿಯಲ್ಲಿ 'ಖಾಲಿ ಪೇಟ್ ಆನಾ' ಅಂದು ಕಳಿಸಿದ್ದಾರೆ. ಮುದುಕಿಗೆ ಗೊತ್ತಿರುವುದು ನಮ್ಮ ಕನ್ನಡವೊಂದೇ. ಪೇಟ್ ಅಂದರೆ ಪ್ಯಾಟಿ! ಪ್ಯಾಟಿ ಖಾಲಿ ಇದ್ದಾಗ ಬಾ ಅಂದಾರ ಅಂದುಕೊಂಡು, ಅಂಗಡಿ ತೆಗೆಯುವ ಮೊದಲೇ, ಬೆಳಿಗ್ಗೆ ಏಳಕ್ಕೆ ಬಂದು ಬಾಗಿಲಲ್ಲಿ ಕೂತಿದ್ದಾರೆ. ಎರಡು ರೊಟ್ಟಿ, ಪುಂಡಿಪಲ್ಯೆ ಉಂಡು! ರಕ್ತ ತೆಗೆಯುವಂತಿಲ್ಲ, ನಾಳೆ ಬಾ ಅಂದರು. ಮರುದಿನ ಇನ್ನೂ ಬೇಗ ಬಂದರು. ಆಗಲೂ ಉಂಡು ಬಂದಿದ್ದರು. ಮಗನದು ಎರಡು ದಿನದ ಪಗಾರ ಹೋಯಿತು. ಮೂರನೇ ದಿನ ನಮ್ಮ ಹುಡುಗಿ ಪಾಳಿಯಲ್ಲಿದ್ದಳು. "ಯಮ್ಮಾ, ರಾತ್ರಿ ಉಂಡ ಮ್ಯಾಲ ಏನೂ ತಿನ್ನಬ್ಯಾಡ, ಬರೀ ಹೊಟ್ಟೀಲೆ ಬಾ, ನೀರಷ್ಟ ಕುಡಿ" ಅಂದಳು. ಅಷ್ಟೇ. ಮುದುಕಿ ಅವಳ ಕೈ ಹಿಡಿದುಕೊಂಡು, ನಿನ್ನ ಊರು ಯಾವುದವ್ವಾ, ನಿನ್ನ ತಾಯಿ ಯಾರು, ನಿನಗೆ ಲಗ್ನ ಆಗಿದೆಯೋ ಅಂತ ಅರ್ಧ ತಾಸು ಬಿಡಲಿಲ್ಲವಂತೆ. ಆ ಮೇಲೆ ಲ್ಯಾಬಿನ ಗೋಡೆಗೆ ಇವಳೇ ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಿದ್ದಾಳೆ. ಮೇಲಿನವರೇ ಅಂಟಿಸು ಅಂದರಂತೆ. ಫೋಟೋ ಕಳಿಸಿದ್ದಳು. 'ಹೊಟ್ಟೆ' ಅನ್ನುವುದರ ಒತ್ತಕ್ಷರ ಸರಿಯಾಗಿದೆಯಾ ನೋಡಿ ಅಂತ ಕೇಳಿದ್ದಳು. ಸರಿಯಾಗಿತ್ತು.

ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ನಮ್ಮ ಸಮಾರಂಭಗಳಲ್ಲಿ ಮೈಸೂರು ಪೇಟ, ಶಾಲು, ಫಲಕ, ಬೆಂಗಳೂರಿನಿಂದ ಬಂದ ಅತಿಥಿ, ಎಂಟು ಜನರಿಗೆ ಸನ್ಮಾನ. (ನನಗೂ ಎರಡು ಸಲ ಆಗಿದೆ, ಶಾಲು ಬೀರುವಿನಲ್ಲಿದೆ.) ಆ ಪೇಟದ ದುಡ್ಡಿನಲ್ಲಿ, ನಮ್ಮ ಕೂಲಿಯವರು ಹೋಗುವ ಆಸ್ಪತ್ರೆ, ಲ್ಯಾಬು, ಬಸ್ ನಿಲ್ದಾಣಗಳಿಗೆ ಹೀಗೆ ನಾಲ್ಕು ಚೀಟಿ ಬರೆಸಿ ಕೊಡಬಹುದಿತ್ತು. ಬಾಂಬೋಳಿಯ ದೊಡ್ಡಾಸ್ಪತ್ರೆಗೆ ರಾಯಚೂರು, ಕೊಪ್ಪಳ, ಯಾದಗಿರಿಯ ಕಡೆಯಿಂದ ದುಡಿಯಲು ಬಂದವರು ದಿನಾ ಹೋಗುತ್ತಾರೆ. ವಾರಕ್ಕೊಂದು ದಿನ ಇಬ್ಬರು ಹುಡುಗರು ಅಲ್ಲಿ ನಿಂತು ದಾರಿ ತೋರಿಸಿದರೆ ಅದಕ್ಕಿಂತ ರಾಜ್ಯೋತ್ಸವ ಬೇಕೆ? ಮುಂದಿನ ಸಭೆಯಲ್ಲಿ ಇದನ್ನೇ ಹೇಳುವವಳಿದ್ದೇನೆ. ಸಿಟ್ಟಾಗುವವರು ಆಗಲಿ.

ಶುಕ್ರವಾರ, ನವೆಂಬರ್ 7. ಬೆಂಗಳೂರಿನಲ್ಲಿ ಸಭೆ ನಡೆದು ಕಬ್ಬಿಗೆ 3,300 ಅಂತ ತೀರ್ಮಾನವಾಯಿತು. ಅಜ್ಜನ ಫೋನು. ಒಂಬತ್ತು ದಿನದ ಮೇಲೆ ಮನೆಯಲ್ಲಿ ಮಲಗುತ್ತೇನೆ, ಮೊಣಕಾಲು ನೋಯುತ್ತೆ, ಕೇಳಿದಷ್ಟು ಸಿಗಲಿಲ್ಲ, ಆದರೆ ಬರಿಗೈಲಿ ಬರಲಿಲ್ಲ ಅಂದರಂತೆ. ಆ ದಿನ ಇವಳಿಗೆ ಪಗಾರವೂ ಆಗಿತ್ತು. ಅಜ್ಜನಿಗೆ ಮೊಣಕಾಲಿನ ಪಟ್ಟಿ, ಅವ್ವನಿಗೆ ಮಾಪುಸಾ ಸಂತೆಯಿಂದ ಒಣಮೀನು, ಅಣ್ಣನ ಮಗಳಿಗೆ ಬಣ್ಣದ ಪೆನ್ಸಿಲ್ ಡಬ್ಬಿ.

ಈ ಅಣ್ಣನ ಮಗಳ ವಿಷಯ ನನ್ನ ಮನಸ್ಸಿನಲ್ಲಿತ್ತು. ಬರುವ ವರ್ಷ ಒಂದನೇತ್ತೆಗೆ ಬರುವ ಕೂಸು. ನಮ್ಮ ಶಾಲೆಯ ಒಂದನೇತ್ತೆಯ ಮಕ್ಕಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು, ಅದರಲ್ಲೂ ಬೆರಳು ಉಳಿಯುತ್ತವೆ. ಇನ್ನೆರಡು ವರ್ಷ ಹೀಗೇ ಆದರೆ ಏನಾಗುತ್ತದೋ ಎಲ್ಲರಿಗೂ ಗೊತ್ತು. ಶನಿವಾರ ಸಿಕ್ಕಾಗ ಅಂದೆ, "ಆತವ್ವಾ, ನೀ ಗೆದ್ದಿ. ಕನ್ನಡ ಬದುಕೈತಿ. ಇನ್ನ ನಿಮ್ಮ ಅಣ್ಣಗ ಹೇಳು, ಆ ಕೂಸಿನ್ನ ನಮ್ಮ ಸಾಲಿಗೆ ಹಾಕಾಕ."

ಅವಳು ನಗಲಿಲ್ಲ. "ನಾ ಹೇಳಂಗಿಲ್ರಿ ಅಕ್ಕೋರ" ಅಂದಳು.

ಎದೆಗೆ ನಾಟಿದಂತಾಯಿತು. ವಾರವಿಡೀ ಕನ್ನಡದಲ್ಲಿ ನಕ್ಕು, ಅತ್ತು, ಜಗಳಾಡಿ, ಚೀಟಿ ಅಂಟಿಸಿದ ಹುಡುಗಿ!

"ಐದನೇತ್ತ್ಯಾಗ ನನ್ನ ಹಾಲ್ ನಿಮಗ ನೆನಪೈತೇನ್ರಿ?" ಅಂತ ಕೇಳಿದಳು. ನೆನಪಿತ್ತು. 2012ರ ಜೂನು. ನಮ್ಮಲ್ಲಿ ನಾಲ್ಕನೇತ್ತೆ ಮುಗಿದರೆ ಮುಂದೆ ಬೇರೆ ಶಾಲೆ, ಬೇರೆ ಮಾಧ್ಯಮ. ಗುಣಾಕಾರ ಬರುತ್ತಿತ್ತು, ಅದಕ್ಕೆ ಅಲ್ಲಿ ಏನನ್ನುತ್ತಾರೆ ಗೊತ್ತಿರಲಿಲ್ಲ. ಎದ್ದು ನಿಂತು ಉತ್ತರ ಕನ್ನಡದಲ್ಲಿ ಹೇಳಿದಾಗ ತರಗತಿ ನಕ್ಕಿತ್ತು. ಮೊದಲ ಪರೀಕ್ಷೆಯಲ್ಲಿ ಎಲ್ಲದರಲ್ಲೂ ನಪಾಸು. ಅದೇ ಮಳೆಗಾಲ ಮುಗಿಯುವಾಗ ಅಪ್ಪನ ಲಾರಿಯೂ ನಿಂತಿತು. ನನ್ನ ಹತ್ತಿರ ಬಂದು ಅತ್ತಿದ್ದಳು. ನಾನು ತಲೆ ಸವರಿ "ಧೈರ್ಯಾದಿಂದ ಓದವ್ವಾ" ಅಂದಿದ್ದೆ. ಅಷ್ಟೇ ನಾನು ಮಾಡಿದ್ದು. ಆ ಮಗು ಹೇಗೋ ಈಜಿ ದಡ ಸೇರಿತು. ಜೊತೆಗಿದ್ದವರಲ್ಲಿ ಎಷ್ಟು ಜನ ಸೇರಲಿಲ್ಲ ಅನ್ನುವುದೂ ನನಗೆ ಗೊತ್ತು. ಇಬ್ಬರು ಎಂಟನೇತ್ತೆಗೇ ಬಿಟ್ಟು ಗೌಂಡಿ ಕೆಲಸಕ್ಕೆ ಹೋದರು.

ತಾಯಿನುಡಿಯಲ್ಲಿ ಶುರು ಮಾಡಿದ ಮಗುವೇ ಚೆನ್ನಾಗಿ ಕಲಿಯುತ್ತದೆ ಅನ್ನುವುದರಲ್ಲಿ ನನಗೆ ಈಗಲೂ ಸಂಶಯ ಇಲ್ಲ. ಆದರೆ ಗಡಿಯಾಚೆಯ ನಾವು ಅರ್ಧ ಸೇತುವೆ ಕಟ್ಟಿ ಮಕ್ಕಳನ್ನು ಅದರ ತುದಿಗೆ ಬಿಟ್ಟುಬರುತ್ತೇವೆ. ಕೊಂಕಣಿ ಮರಾಠಿ ಜಾಸ್ತಿ ಕಲಿಸಿದರೆ ಕನ್ನಡ ಕೆಡುತ್ತದೆ ಅಂತ ಶಾಲೆಯೊಳಗೆ ಆ ಮಾತನ್ನೇ ಬಿಟ್ಟುಕೊಳ್ಳದ ಕಾಲವೂ ಇತ್ತು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು. ಸಂತೆಯಲ್ಲಿ ನಾಲ್ಕು ಭಾಷೆ ಆಡಿದರೂ ಇವಳ ಕನ್ನಡ ಕೆಟ್ಟಿಲ್ಲ ಅನ್ನುವುದನ್ನು ನೋಡಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಮಕ್ಕಳು ಬರುತ್ತಿಲ್ಲ ಅಂತ ಪಾಲಕರನ್ನು ಬೈಯುವ ಮೊದಲು, ನಮ್ಮ ನಾಲ್ಕನೇತ್ತೆಯ ಮಗು ಪಕ್ಕದ ಶಾಲೆಯ ಐದನೇತ್ತೆಯಲ್ಲಿ ಕೈ ಎತ್ತಿ ಉತ್ತರ ಹೇಳುವ ಹಾಗೆ ಮಾಡಿ ತೋರಿಸಬೇಕು. ಪಾಲಕರು ದಡ್ಡರಲ್ಲ.

"ಹಂಗಾದ್ರ ನೀನ ಬಾ" ಅಂದೆ. "ಶನಿವಾರ ಸಾಲಿ ಬಿಟ್ಟ ಮ್ಯಾಲ ಒಂದ ತಾಸು. ನಾಲ್ಕನೇತ್ತೆಯ ಹುಡುಗ್ರಿಗೆ ಲೆಕ್ಕದ್ದು, ವಿಜ್ಞಾನದ್ದು, ಆ ಕಡೆ ಏನೇನ ಅಂತಾರ ಕಲಿಸು. ಕೊಂಕಣೀನೂ ಕಲಿಸು."

ಸ್ವಲ್ಪ ಹೊತ್ತು ಯೋಚಿಸಿದಳು. ಪಾಳಿ ಬದಲಾಯಿಸಿಕೊಳ್ಳಬೇಕು, ಪರೀಕ್ಷೆಗೆ ಓದಬೇಕು, ಶನಿವಾರ ಮಧ್ಯಾಹ್ನ ಗೆಳತಿಯರ ಜೊತೆ ಮೀರಾಮಾರ್ ದಂಡೆಗೆ ಹೋಗುವುದಿರುತ್ತದೆ... "ಬರ್ತೀನ್ರಿ. ಆದ್ರ ನೀವು ಭಾಷಣ ಮಾಡಬಾರ್ದು" ಅಂದಳು.

ಮುಂದಿನ ಶನಿವಾರ ಬಂದಳು. ಜೊತೆಗೆ ಅಣ್ಣನ ಮಗಳು. ಅಣ್ಣ ಇನ್ನೂ ಏನೂ ತೀರ್ಮಾನ ಮಾಡಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಕರೆದುಕೊಂಡು ಬಂದೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ ಅಂದಳು. ಮಾಡಿಕೊಳ್ಳಲಿಲ್ಲ. ಇವಳು ಹಲಗೆಯ ಮೇಲೆ ಗುಣಾಕಾರ ಅಂತ ಬರೆದು ಅದರ ಪಕ್ಕ ಇನ್ನೆರಡು ಹೆಸರು ಬರೆಯುತ್ತಿದ್ದಳು. ಆ ಕೂಸು ಹಿಂದಿನ ಬೆಂಚಿನಲ್ಲಿ ಹೊಸ ಪೆನ್ಸಿಲ್ ತೆಗೆದು ನದಿಯಲ್ಲಿ ಹೋಗುವ ಹಡಗಿನ ಚಿತ್ರ ಬರೆಯುತ್ತಿತ್ತು. ಹಡಗು ಒಂದು ಪಕ್ಕಕ್ಕೆ ವಾಲಿತ್ತು. ನಾನು ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ಕೂತಿದ್ದೆ.